ಪಾಸ್‌ವರ್ಡ್ ಎನ್‌ಕ್ರಿಪ್ಟ್ ಮಾಡಿದ್ರೆ ಕೀ ಎಲ್ಲಿಡ್ತೀರಿ?

ಪ್ರಶ್ನೆ: ನಮ್ಮ ಸರ್ವರ್ ಸಾಫ್ಟ್‌ವೇರ್ ಡೇಟಾಬೇಸ್ ಪಾಸ್‌ವರ್ಡನ್ನು ಕಾನ್ಫಿಗ್ ಫೈಲಿನಿಂದ ಓದುತ್ತದೆ. ಫೈಲ್ ತೆರೆದರೆ ಯಾರಿಗಾದರೂ ಕಾಣುತ್ತೆ. ಆಡಿಟ್‌ಗೆ ಬಂದವರು ಎನ್‌ಕ್ರಿಪ್ಟ್ ಮಾಡಿ ಅಂದರು. ಹೇಗೆ ಮಾಡಲಿ? ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಮ್ ಶುರುವಾಗುವಾಗ ಅದಕ್ಕೆ ಹೊರಗಿನಿಂದ ಸಿಗುವ ಮೌಲ್ಯ) ಹಾಕಿದರೆ ಸಾಕಾ?

ಉತ್ತರ: ಎನ್‌ಕ್ರಿಪ್ಟ್ ಮಾಡೋದು ಕಷ್ಟವೇನಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಸರ್ವರ್ ತಾನಾಗಿಯೇ ರೀಸ್ಟಾರ್ಟ್ ಆದಾಗ ಅದಕ್ಕೆ ಅಸಲಿ ಪಾಸ್‌ವರ್ಡೇ ಬೇಕು, ಅಂದರೆ ಅದನ್ನು ಬಿಡಿಸುವ ಕೀ ಕೂಡ ಆ ಸಾಫ್ಟ್‌ವೇರ್ ಕೈಗೆ ಸಿಗುವ ಹಾಗೆ ಎಲ್ಲೋ ಇರಲೇಬೇಕು, ಅಲ್ವಾ? ಬೀಗ ಹಾಕಿ ಕೀಲಿಯನ್ನು ಪಕ್ಕದ ಮೊಳೆಗೇ ನೇತು ಹಾಕಿದ ಹಾಗಾಯಿತು. ಬಳಕೆದಾರರ ಪಾಸ್‌ವರ್ಡ್ ಥರ ಹ್ಯಾಶ್ ಮಾಡಿ, ಅಂದರೆ ವಾಪಸ್ ಬಿಡಿಸಲಾಗದ ರೂಪಕ್ಕೆ ತಿರುಗಿಸಿ ಇಡೋಣ ಅಂದರೂ ಆಗಲ್ಲ. ಅಲ್ಲಿ ಹೋಲಿಸಿ ನೋಡಿದರೆ ಸಾಕು, ಇಲ್ಲಿ ಪಾಸ್‌ವರ್ಡನ್ನೇ ಕೊಡಬೇಕು.

ಹಾಗಾಗಿ ಕೇಳಬೇಕಾದ್ದು ಒಂದೇ: ಆ ಫೈಲನ್ನು ಯಾರು ಯಾರು ಓದಬಹುದು? ಸರ್ವರ್‌ಗೆಂದೇ ಬೇರೆ ಯೂಸರ್ ಮಾಡಿ, ಫೈಲನ್ನು ಅವನ ಹೆಸರಿಗೆ ಬರೆದು ಪರ್ಮಿಷನ್ 600 ಕೊಡಿ, ಅಂದರೆ ಬೇರೆ ಸಾಮಾನ್ಯ ಯೂಸರ್ ಯಾರೂ ಓದಲಾಗದ ಹಾಗೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನವರು ಇದರಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ, ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಬರೆದಿಡುವ ಅವರ ಪಿಜಿಪಾಸ್ ಫೈಲನ್ನು ಬೇರೆಯವರೂ ಓದುವ ಹಾಗಿದ್ದರೆ ಕ್ಲೈಂಟ್ ಒಂದು ಎಚ್ಚರಿಕೆ ಕೊಟ್ಟು ಅದನ್ನು ಮುಟ್ಟೋದೇ ಇಲ್ಲ. ನಿಮ್ಮ ಸಾಫ್ಟ್‌ವೇರ್ ಹಾಗೆ ಹಟ ಮಾಡಲ್ಲ, ನೀವೇ ನೋಡಿಕೊಳ್ಳಬೇಕು.

ಎನ್ವಿರಾನ್‌ಮೆಂಟ್ ವೇರಿಯಬಲ್ ಪರವಾಗಿಲ್ಲ, ಆದರೆ ಜನ ಅಂದುಕೊಂಡಷ್ಟು ಗುಟ್ಟಲ್ಲ. ಸರ್ವರ್ ಶುರು ಮಾಡುವ ಪ್ರತಿ ಚೈಲ್ಡ್ ಪ್ರೋಸೆಸ್‌ಗೂ ಅದು ಸಾಮಾನ್ಯವಾಗಿ ಹೋಗುತ್ತೆ, ಪಿಎಚ್‌ಪಿ‌ಇನ್ಫೋದಂಥ ಸರ್ವರ್ ಸೆಟ್ಟಿಂಗ್‌ಗಳನ್ನೆಲ್ಲ ತೋರಿಸುವ ಪುಟವನ್ನು ಯಾರೋ ಮರೆತು ತೆರೆದಿಟ್ಟರೆ ಅಲ್ಲೂ ಅಚ್ಚಾಗಬಹುದು. ಕಮ್ಯಾಂಡ್ ಲೈನಿನಲ್ಲಿ ಪಾಸ್‌ವರ್ಡ್ ಕೊಡೋದು ಮಾತ್ರ ಬೇಡವೇ ಬೇಡ. ಅದೇ ಮಷಿನ್‌ಗೆ ಲಾಗಿನ್ ಆದ ಯಾರಾದರೂ ಸುಮ್ನೆ ಪಿಎಸ್ (ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ಕೊಡುವ ಕಮ್ಯಾಂಡ್) ಹೊಡೆದರೆ ಸಾಕು, ಪಾಸ್‌ವರ್ಡ್ ಎದುರಿಗೇ ಬಂದು ಕೂರುವ ಸಾಧ್ಯತೆ ಜಾಸ್ತಿ.

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿ 247 ಅಥವಾ ಅದಕ್ಕಿಂತ ಹೊಸದು ಇದ್ದರೆ ಅದರ ಲೋಡ್‌ಕ್ರೆಡೆನ್ಶಿಯಲ್ ಸೆಟ್ಟಿಂಗ್ ಬಳಸಿ. ಮೂಲ ಫೈಲ್ ರೂಟ್ (ಮಷಿನ್‌ನ ಮುಖ್ಯ ಯೂಸರ್) ಹತ್ತಿರವೇ ಇರುತ್ತೆ, ಸರ್ವಿಸ್‌ಗೆ ಅದರ ಪ್ರತಿ ಮಾತ್ರ ಸಿಗುತ್ತೆ. ಇನ್ನು ಪೋಸ್ಟ್‌ಗ್ರೆಸ್ ಅದೇ ಮಷಿನ್‌ನಲ್ಲಿದ್ದರೆ ಯುನಿಕ್ಸ್ ಸಾಕೆಟ್ (ಒಂದೇ ಮಷಿನ್‌ನೊಳಗಿನ ಸಂಪರ್ಕ) ಮೇಲೆ ಪೀರ್ ಅಥೆಂಟಿಕೇಷನ್ ಹಾಕಿ. ಕನೆಕ್ಟ್ ಆಗುತ್ತಿರುವ ಯೂಸರ್ ಯಾರು ಅಂತ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಹೇಳುತ್ತೆ, ಪಾಸ್‌ವರ್ಡೇ ಬೇಕಾಗಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದೇ.

ಅಂದಹಾಗೆ, ಆ ಕಾನ್ಫಿಗ್ ಫೈಲ್ ಯಾವತ್ತಾದರೂ ಗಿಟ್‌ಗೆ (ಕೋಡಿನ ಹಳೆ ಬದಲಾವಣೆಗಳನ್ನೆಲ್ಲ ಉಳಿಸಿಡುವ ವ್ಯವಸ್ಥೆ) ಹೋಗಿತ್ತಾ? ಹೋಗಿದ್ದರೆ ಸಾಲು ಅಳಿಸಿದರೂ ಹಳೆ ಕಮಿಟ್‌ನಲ್ಲಿ ಹಾಗೇ ಕೂತಿರುತ್ತೆ. ಮೊದಲು ಪಾಸ್‌ವರ್ಡ್ ಬದಲಾಯಿಸಿ, ಮಿಕ್ಕಿದ್ದೆಲ್ಲ ಆಮೇಲೆ.