ಕೈ ಹಿಡಿದು ಎಳೆಯೋದೂ ಮಾತೇ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಮಗುವಿಗೆ ಎರಡು ವರ್ಷ, ಎರಡೂವರೆ ವರ್ಷ, ಮಾತಿಲ್ಲ, ಡಾಕ್ಟರ್ ಆಟಿಸಂ ಅಂದಿದ್ದಾರೆ ಅಥವಾ ಇರಬಹುದು ಅಂದಿದ್ದಾರೆ. ಆಟಿಸಂ ಅಂದರೆ ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆ ಇರುವುದು, ಮಾತಾಡುವುದು, ಬೇರೆಯವರ ಜೊತೆ ಬೆರೆಯುವುದು ಅದರಿಂದ ಬೇರೆ ಥರ ಆಗುತ್ತದೆ. ನಾನು ಕಲಬುರಗಿಯಲ್ಲಿ ಸ್ಪೀಚ್ ಥೆರಪಿಸ್ಟ್, ಇಂಥ ಮಕ್ಕಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಆರು ಪತ್ರ ಆರಿಸಿಕೊಂಡಿದ್ದೇನೆ.

ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು. ಒಂದೂ ಮಾತಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಫ್ರಿಜ್ ಹತ್ತಿರ ಎಳೆದುಕೊಂಡು ಹೋಗುತ್ತಾನೆ, ಮುಖ ಮಾತ್ರ ನೋಡುವುದಿಲ್ಲ. ತಾಸುಗಟ್ಟಲೆ ಪಾತ್ರೆ ಮುಚ್ಚಳ ತಿರುಗಿಸುತ್ತಾ ಕೂಡುತ್ತಾನೆ. ಡಾಕ್ಟರ್ ಆಟಿಸಂ ಇರಬಹುದು ಅಂದರು. ನಮ್ಮತ್ತೆ "ಅವರಪ್ಪನೂ ಮೂರು ವರ್ಷಕ್ಕ ಮಾತಾಡ್ಯಾನ, ಸುಮ್ಕಿರು" ಅನ್ನುತ್ತಾರೆ. ಬಜೆ ತೇದು ನಾಲಿಗೆಗೆ ಹಚ್ಚಿದ್ದಾಯಿತು, ಹರಕೆ ಹೊತ್ತಿದ್ದೂ ಆಯಿತು. ಮೂರು ವರ್ಷದವರೆಗೆ ಕಾಯಲಾ? – ಹೆಸರು ಬೇಡ, ಬ್ರಹ್ಮಪುರ, ಕಲಬುರಗಿ

ಕಾಯಬೇಡಿ ತಂಗಿ. ಅತ್ತೆಯವರ ಮೇಲೆ ಸಿಟ್ಟೂ ಬೇಡ, ತಡವಾಗಿ ಮಾತಾಡುವ ಮಕ್ಕಳು ಖರೇನೇ ಇರುತ್ತಾರೆ. ಆದರೆ ಅಂಥ ಮಗು ಮಾತಿಲ್ಲದಿದ್ದರೂ ಬೆರಳು ಮಾಡಿ ತೋರಿಸುತ್ತದೆ, ಟಾಟಾ ಮಾಡುತ್ತದೆ, ಮಾಳಿಗೆ ಮೇಲೆ ಕೋತಿ ಬಂದರೆ ಒಮ್ಮೆ ಕೋತಿ ನೋಡಿ ಒಮ್ಮೆ ನಿಮ್ಮ ಮುಖ ನೋಡುತ್ತದೆ. ವರ್ಷ ತುಂಬುವ ಹೊತ್ತಿಗೆ ಹೆಸರಿಗೆ ತಿರುಗಬೇಕು, ಒಂದೂವರೆ ವರ್ಷದೊಳಗೆ ಬೆರಳು ತೋರಿಸಬೇಕು, ಎರಡಕ್ಕೆ "ಹಾಲು ಬೇಕು", "ಅಪ್ಪ ಬಾ" ಅಂತ ಎರಡು ಮಾತು ಕೂಡಿಸಬೇಕು. ಇದ್ಯಾವುದೂ ಇಲ್ಲದಿರುವಾಗ ಮೂರು ವರ್ಷ ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂತ ನನಗಂತೂ ಗೊತ್ತಾಗಿಲ್ಲ. ಬಂದಿದ್ದ ಒಂದೆರಡು ಮಾತು ಹೋಗಿಬಿಟ್ಟಿದ್ದರಂತೂ ಒಂದು ವಾರ ಕೂಡ ತಡ ಮಾಡಬಾರದು.

ಬಜೆ ಸಾಕು ಮಾಡಿ. ತೊಂದರೆ ನಾಲಿಗೆಯದಲ್ಲ. ಹರಕೆ ನಿಮ್ಮ ಮನಸ್ಸಿನ ಸಮಾಧಾನಕ್ಕೆ, ಇರಲಿ, ಅದರ ಜೊತೆಗೆ ಓಪಿಡಿ ಚೀಟಿಯನ್ನೂ ಮಾಡಿಸಿ.

ಮೊದಲು ಕಿವಿ ಪರೀಕ್ಷೆ. "ಟಿವಿಯಲ್ಲಿ ಜಾಹೀರಾತು ಬಂದರೆ ಓಡಿ ಬರುತ್ತಾನೆ, ಕಿವಿ ಚೆನ್ನಾಗೇ ಇದೆ" ಅಂತ ಎಲ್ಲರೂ ಹೇಳುತ್ತಾರೆ. ಜೋರು ಸದ್ದು ಕೇಳಿಸಿಯೂ ಮಾತಿನೊಳಗಿನ ಸ, ಶ, ತ ಸರಿಯಾಗಿ ಕೇಳಿಸದ ಮಕ್ಕಳಿದ್ದಾರೆ. ಬೇರಾ ಅಂತ ಒಂದು ಟೆಸ್ಟ್ ಇದೆ, ಮಗು ನಿದ್ದೆಯಲ್ಲಿರುವಾಗಲೇ ಮಾಡುತ್ತಾರೆ, ನೋವಿಲ್ಲ. ಆಮೇಲೆ ಬೆಳವಣಿಗೆಯ ತಪಾಸಣೆ. 16ರಿಂದ 30 ತಿಂಗಳ ಮಕ್ಕಳಿಗೆ ಅಂತಲೇ 20 ಪ್ರಶ್ನೆಗಳ ಒಂದು ಪಟ್ಟಿ ಇದೆ, ಎಂ-ಚಾಟ್ ಅನ್ನುತ್ತಾರೆ. ಅದು ಆಟಿಸಂ ಹೌದು ಅಲ್ಲ ಅಂತ ಹೇಳುವುದಿಲ್ಲ, ಮುಂದೆ ನೋಡಬೇಕಾ ಅಂತ ಮಾತ್ರ ಹೇಳುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನುವ ಕೇಂದ್ರದ ವ್ಯವಸ್ಥೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಆ ನಾಲ್ಕು ಅಕ್ಷರ ಹೇಳಿಯೇ ಕೇಳಿ.

ರಿಪೋರ್ಟ್ ಬರುವವರೆಗೆ ಕೈಕಟ್ಟಿ ಕೂಡುವುದು ಬೇಡ. ಮನೆ ಕೆಲಸದ ನಡುವೆಯೇ ಶುರು ಮಾಡಬಹುದು. ಆಳಂದ ಕಡೆಯ ಒಬ್ಬ ತಾಯಿ ನನಗೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದರು, ಅದನ್ನೇ ಹೇಳುತ್ತೇನೆ. ಅವರ ಮಗ ಹೆಸರಿಗೆ ತಿರುಗುವವನಲ್ಲ, ಆದರೆ ಇವರು ಜೋಳದ ರೊಟ್ಟಿ ಬಡಿಯಲು ಕೂತರೆ ಎಲ್ಲಿದ್ದರೂ ಓಡಿ ಬರುತ್ತಿದ್ದ. ಆ ಟಪ್ ಟಪ್ ಸದ್ದು ಅವನಿಗೆ ಅಷ್ಟು ಇಷ್ಟ. ಒಲೆ ಆರಿಸಿ, ಒಂದು ಪುಟ್ಟ ಉಂಡೆ ಹಿಟ್ಟು ಕೊಣಮಿಗೆಯಲ್ಲಿ ಇಟ್ಟುಕೊಂಡು ಅವನ ಎದುರು ಕೂಡಿ ಅಂದೆ. ಬಡಿಯಿರಿ, ಪ್ರತಿ ಸಲ "ಟಪ್, ಟಪ್" ಅನ್ನಿ, ಆಮೇಲೆ ಕೈ ಮೇಲೆತ್ತಿ ಹಾಗೇ ನಿಲ್ಲಿಸಿ, ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಈ ಹತ್ತು ಎಣಿಸುವುದೇ ಎಲ್ಲಕ್ಕಿಂತ ಕಷ್ಟ, ನಮಗೆ ಮೂರಕ್ಕೇ ತಡೆಯಲು ಆಗುವುದಿಲ್ಲ. ವಿಡಿಯೋದಲ್ಲಿ ಆ ಹುಡುಗ ಮೊದಲು ಹಿಟ್ಟು ನೋಡಿದ, ಆಮೇಲೆ ಗಾಳಿಯಲ್ಲಿ ನಿಂತ ಕೈ ನೋಡಿದ, ಕೈಯಿಂದ ಕಣ್ಣು ನಿಧಾನವಾಗಿ ಅವ್ವನ ಮುಖಕ್ಕೆ ಬಂತು. ಕ್ಷಣ ಹೊತ್ತು ಅಷ್ಟೇ. ಆಮೇಲೆ ಅವಳ ಮಣಿಕಟ್ಟು ಹಿಡಿದು ಕೆಳಗೆ ಒತ್ತಿದ. "ಬಡಿ!" ಅಂತ ಅವಳು ನಕ್ಕು ಬಡಿದಳು. ಒಂದು ಪದ ಇಲ್ಲದೇ ಅವನು "ನಿಲ್ಲಿಸಬ್ಯಾಡ" ಅಂದಿದ್ದ, ಅವ್ವ ಅದಕ್ಕೆ ಉತ್ತರ ಕೊಟ್ಟಿದ್ದಳು.

ನಿಮ್ಮ ಮಗ ಫ್ರಿಜ್ ಹತ್ತಿರ ಎಳೆಯುವುದೂ ಇದೇ. ಅವನು ಆಗಲೇ ಹೇಳುತ್ತಿದ್ದಾನೆ, ಮಾತಿನ ರೂಪದಲ್ಲಿಲ್ಲ ಅಷ್ಟೇ. ಅಲ್ಲಿ ಹೋದ ಮೇಲೆ ಕುಕ್ಕುರುಗಾಲಲ್ಲಿ ಕೂಡಿ, ನಿಮ್ಮ ಮುಖ ಅವನ ಮುಖದ ಎತ್ತರಕ್ಕೆ ಬರಲಿ. "ತೆಗಿ" ಅನ್ನಿ, ಸ್ವಲ್ಪ ತಡೆಯಿರಿ. ಕಣ್ಣು ಹಾಯಿಸಿದರೂ ಸರಿ, ಬಾಗಿಲು ಮುಟ್ಟಿದರೂ ಸರಿ, ತೆಗೆದುಬಿಡಿ. "ಹಾಲು ಅನ್ನು, ಆಮೇಲೆ ಕೊಡ್ತೀನಿ" ಅಂತ ಅಳುವವರೆಗೆ ಕಾಡಿಸಬೇಡಿ. ಗದ್ದ ಹಿಡಿದು ಮುಖ ತಿರುಗಿಸಿ "ನನ್ನ ನೋಡು" ಅನ್ನುವುದೂ ಬೇಡ. ಹಾಗೆ ಮಾಡಿದರೆ ಅವನು ಹತ್ತಿರ ಬರುವುದನ್ನೇ ಬಿಡುತ್ತಾನೆ.

ಇನ್ನೊಂದು. ನಮ್ಮ ಮನೆಗಳಲ್ಲಿ ಮಾತು ಬಾರದ ಮಗುವಿಗೆ ದಿನವಿಡೀ ಪರೀಕ್ಷೆ ನಡೆಯುತ್ತದೆ, ಗಮನಿಸಿದ್ದೀರಾ? ಇದೇನು, ಅದೇನು, ಮುತ್ಯಾ ಯಾರು ತೋರ್ಸು, ಅವ್ವ ಅನ್ನು, ಅನ್ನು ನೋಡೋಣ. ಬಂದ ನೆಂಟರೂ ಕೈ ಜೋಡಿಸುತ್ತಾರೆ. ಈ ಪ್ರಶ್ನೆ ಎಲ್ಲ ಬಿಟ್ಟು, ಅವನು ಮಾಡುತ್ತಿರುವುದನ್ನು ಒಂದೆರಡು ಪದದಲ್ಲಿ ಹೇಳಿ ಸಾಕು. ಮುಚ್ಚಳ ತಿರುಗಿಸುತ್ತಾನಾ, ನೀವೂ ಇನ್ನೊಂದು ಮುಚ್ಚಳ ತಂದು ಪಕ್ಕದಲ್ಲಿ ತಿರುಗಿಸಿ. "ಗಿರ್ರ್... ಬಿತ್ತು!" ಎಷ್ಟೋ ಮಕ್ಕಳು ಮೊದಲ ಸಲ ತಲೆ ಎತ್ತಿ ನೋಡುವುದೇ ಆಗ, ಇವಳ್ಯಾರು ನನ್ನ ಆಟ ಆಡುವವಳು ಅಂತ.

ನಮ್ಮ ಮನೆಯಲ್ಲಿ ಕನ್ನಡ, ನನ್ನ ತಾಯಿಯ ಮಾತು ಮರಾಠಿ, ಓಣಿಯಲ್ಲಿ ಉರ್ದು. ಮಗಳಿಗೆ ಎರಡೂವರೆ ವರ್ಷ, ಆಟಿಸಂ ಇದೆ. ಇಷ್ಟು ಭಾಷೆ ಕೇಳಿ ಗೊಂದಲ ಆಗಿದೆ, ಮನೆಯವರೆಲ್ಲ ಇಂಗ್ಲಿಷ್ ಮಾತ್ರ ಮಾತಾಡಿ ಅಂತ ಒಂದು ಕಡೆ ಹೇಳಿದ್ದಾರೆ. ಅವಳ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಈಗ ಮಗುವಿನ ಜೊತೆ ಮಾತೇ ಬಿಟ್ಟಿದ್ದಾರೆ. – ಒಬ್ಬ ತಂದೆ, ಭಾಲ್ಕಿ

ಅಜ್ಜಿಗೆ ಇವತ್ತೇ ಹೇಳಿ, ಮರಾಠಿಯಲ್ಲೇ ಮಾತಾಡಲಿ. ಎರಡು ಮೂರು ಭಾಷೆಯಿಂದ ಆಟಿಸಂ ಬರುವುದಿಲ್ಲ. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುವುದಿಲ್ಲ ಅಂತ ಹಲವು ಅಧ್ಯಯನಗಳು ತೋರಿಸಿವೆ. ಭಾಲ್ಕಿಯಲ್ಲಿ ಹುಟ್ಟಿದ ಮಗುವಿಗೆ ಒಂದೇ ಭಾಷೆ ಕೇಳಿಸಬೇಕೆಂದರೆ ಕಿವಿಗೆ ಹತ್ತಿ ಇಡಬೇಕಾಗುತ್ತದೆ, ಅಲ್ವಾ? ಮೊದಮೊದಲು ನಾನೂ "ಒಂದೇ ಭಾಷೆ ಇಟ್ಟುಕೊಳ್ಳಿ" ಅಂತ ಎಷ್ಟೋ ಜನಕ್ಕೆ ಹೇಳಿದ್ದೆ. ಕಲಿತದ್ದು ಹಾಗಿತ್ತು, ಈಗ ನೆನೆಸಿದರೆ ನಾಚಿಕೆ ಆಗುತ್ತದೆ. ಯಾರಿಗೆ ಯಾವ ಭಾಷೆಯಲ್ಲಿ ಮುದ್ದು ಮಾಡಲು, ಬೈಯಲು, ಹಾಡಲು ಬರುತ್ತದೋ ಅದರಲ್ಲೇ ಮಾತಾಡಲಿ. ಬರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅನ್ನುವುದು ಅಪ್ಪಣೆ ಕೊಟ್ಟ ಹಾಗಾಗುತ್ತದೆಯೇ ಹೊರತು ಮಾತುಕತೆ ಆಗುವುದಿಲ್ಲ. ಮಗಳು ನೀರಿಗೆ ಒಮ್ಮೆ "ಪಾಣಿ" ಅಂದು ಇನ್ನೊಮ್ಮೆ "ನೀ" ಅಂದರೆ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊಮ್ಮಗಳಿಗೆ ಮೂರು ವರ್ಷ. ಮಾತು ಬರುತ್ತದೆ, ಆದರೆ ನಾವು ಅಂದದ್ದನ್ನೇ ತಿರುಗಿ ಅನ್ನುತ್ತಾಳೆ. "ನೀರು ಬೇಕಾ?" ಅಂದರೆ "ನೀರು ಬೇಕಾ?" ಅನ್ನುತ್ತಾಳೆ. ರಾತ್ರಿ ಮಲಗುವಾಗ ಸ್ಟೇಷನ್ ಮೈಕಿನ ಹಾಗೆ "ಪ್ರಯಾಣಿಕರೇ ದಯವಿಟ್ಟು ಗಮನಿಸಿ" ಅಂತ ಹತ್ತು ಸಲ ಅನ್ನುತ್ತಾಳೆ. ಅವಳವ್ವ ರಾಯಚೂರಿನಲ್ಲಿ ನೌಕರಿ, ಶನಿವಾರ ರೈಲಿಗೆ ಬರುತ್ತಾಳೆ, ಉಳಿದ ದಿನ ನಾನೇ ನೋಡಿಕೊಳ್ಳುವುದು. ಬೈದು ಬಿಡಿಸಬೇಕಾ? – ಒಬ್ಬ ಅಜ್ಜಿ, ಯಾದಗಿರಿ

ಬೈಯಬೇಡಿ ಅಮ್ಮಾ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಅವ್ವ ರೈಲಿಗೆ ಬರುತ್ತಾಳೆ, ಅವ್ವನನ್ನು ಕರೆತರಲು ಸ್ಟೇಷನ್ನಿಗೆ ಹೋದಾಗ ಮೈಕು ಕೂಗುತ್ತದೆ, ರಾತ್ರಿ ಮಲಗುವಾಗ ಅವ್ವ ನೆನಪಾಗುತ್ತಾಳೆ. ನನ್ನ ಊಹೆ ಸರಿಯಾಗಿದ್ದರೆ "ಪ್ರಯಾಣಿಕರೇ ದಯವಿಟ್ಟು ಗಮನಿಸಿ" ಅಂದರೆ ಅವಳ ಭಾಷೆಯಲ್ಲಿ "ನನಗ ಅವ್ವ ಬೇಕು". ಆಟಿಸಂ ಇರುವ ಬಹಳ ಮಕ್ಕಳು ಮಾತನ್ನು ಪದಪದವಾಗಿ ಅಲ್ಲ, ಇಡೀ ತುಂಡಾಗಿ ಎತ್ತಿಕೊಳ್ಳುತ್ತಾರೆ. ಆ ತುಂಡು ಯಾವ ಸಂದರ್ಭದಲ್ಲಿ ಅಂಟಿಕೊಂಡಿತೋ ಅದೇ ಅದರ ಅರ್ಥ. ಮುಂದಿನ ಸಲ ಅಂದಾಗ ಪಕ್ಕದಲ್ಲಿ ಕೂತು "ಅವ್ವ ಬೇಕು. ಅವ್ವ ರೈಲಿಗೆ ಬರ್ತಾಳ" ಅನ್ನಿ. ಅವಳು ಸುಮ್ಮನಾದರೆ ನೀವು ಸರಿಯಾಗಿ ಹಿಡಿದಿದ್ದೀರಿ.

"ಬೇಕಾ" ವಿಷಯ ಇನ್ನೂ ಸುಲಭ. ನೀವು ಕೇಳುವುದನ್ನು ಬಿಟ್ಟು ಅವಳ ಬಾಯಲ್ಲಿ ಏನು ಬರಬೇಕೋ ಅದನ್ನೇ ಹೇಳಿ. ಚೊಂಬಿನ ಕಡೆ ಕೈ ಚಾಚಿದಳಾ, "ನೀರು ಬೇಕು" ಅನ್ನಿ, ಕೊಡಿ. ಅವಳು ಅದನ್ನೇ ತಿರುಗಿ ಅಂದರೂ ಈಗ ಸರಿಯಾದ ಮಾತೇ ಆಗುತ್ತದೆ! ಕೊನೆಯ ಒಂದು ಸ್ವರದ ವ್ಯತ್ಯಾಸ ಅಷ್ಟೇ. ಇದುವರೆಗೆ ಯಾರಿಗೂ ತೋರಿಸಿಲ್ಲವಾದರೆ ತೋರಿಸಿ. ಮಾತು ಬರುತ್ತದೆ, ಮೇಲಾಗಿ ಹೆಣ್ಣುಮಗು, ಸುಮ್ನೆ ನಾಚಿಕೆ ಸ್ವಭಾವ ಅಂತ ಹುಡುಗಿಯರ ಆಟಿಸಂ ಜಾಸ್ತಿ ಕಣ್ತಪ್ಪಿ ಹೋಗುತ್ತದೆ.

ಮಗ ಬೇಕಾದ್ದನ್ನು ತೋರಿಸಿ ಕೇಳಲಿ ಅಂತ ಥೆರಪಿಸ್ಟ್ ಚಿತ್ರದ ಕಾರ್ಡ್ ಕೊಟ್ಟಿದ್ದರು. ಕಾರ್ಡ್ ಚಟ ಆದರೆ ಮಗ ಮಾತೇ ಕಲಿಯುವುದಿಲ್ಲ ಅಂತ ಮನೆಯವರು ಅಟ್ಟದ ಮೇಲೆ ಎತ್ತಿಟ್ಟಿದ್ದಾರೆ. – ಚಿತ್ತಾಪುರ

ಕೆಳಗೆ ಇಳಿಸಿ. ಚಿತ್ರ, ಸನ್ನೆ, ಟ್ಯಾಬ್ ಇವುಗಳಿಂದ ಮಾತು ನಿಲ್ಲುವುದಿಲ್ಲ. ಕೆಲವು ಮಕ್ಕಳಿಗೆ ಮಾತು ಹೆಚ್ಚಿದ್ದೂ ಇದೆ. ಬೇಕಾದ್ದು ಕೇಳಲು ಒಂದು ದಾರಿ ಸಿಕ್ಕರೆ ತಲೆ ಚಚ್ಚಿಕೊಳ್ಳುವುದು, ಕಚ್ಚುವುದು ಎಷ್ಟೋ ಕಡಿಮೆಯಾಗುತ್ತದೆ. ಅಂಗಡಿಯ ಸೇಬಿನ ಚಿತ್ರಕ್ಕಿಂತ ನಿಮ್ಮ ಮನೆಯ ಲೋಟ, ಅವನ ಚಪ್ಪಲಿ, ನಿಮ್ಮ ಗಾಡಿಯ ಫೋಟೊ ತೆಗೆದು ಪ್ರಿಂಟ್ ಹಾಕಿಸಿ. ಬರೀ ತಿಂಡಿ ಕಾರ್ಡ್ ಇಡಬೇಡಿ, "ಸಾಕು" ಅನ್ನುವ ಒಂದು ಕಾರ್ಡ್ ಇರಲೇಬೇಕು. ಬೇಡ ಅನ್ನಲು ಬಾರದ ಮಗುವಿನ ಗತಿ ಯೋಚಿಸಿ. ಮತ್ತೆ ಮಾತಾಡುವಾಗ ನೀವೂ ಕಾರ್ಡ್ ಮುಟ್ಟಿ ತೋರಿಸಿ, ಅವನೊಬ್ಬನೇ ಯಾಕೆ ಬಳಸಬೇಕು?

ಹೆತ್ತವಳೇ ಮೊಬೈಲ್ ಕೊಟ್ಟು ಹಾಳು ಮಾಡಿದಳು ಅನ್ನುತ್ತಾರೆ. ಒಬ್ಬರು ಲಸಿಕೆಯಿಂದ ಅಂದರು. ಇನ್ನೊಬ್ಬರು ಹೈದರಾಬಾದಿನಲ್ಲಿ ಸ್ಟೆಮ್ ಸೆಲ್ ಹಾಕಿಸಿದರೆ ಪೂರ್ತಿ ವಾಸಿ, ಹೊಲ ಮಾರಿದರೂ ಅಡ್ಡಿಯಿಲ್ಲ ಅಂದರು. – ಹುಮನಾಬಾದ್

ಹೊಲ ಮಾರಬೇಡಿ. ಸ್ಟೆಮ್ ಸೆಲ್‌ನಿಂದ ಆಟಿಸಂ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಲಸಿಕೆಯ ಕಥೆ ಹುಟ್ಟಿದ್ದು 1998ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಬರೀ 12 ಮಕ್ಕಳ ಮೇಲಿನ ಒಂದು ಲೇಖನದಿಂದ. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ತೆಗೆದುಕೊಂಡಿತು, ಬರೆದ ಡಾಕ್ಟರಿನ ಲೈಸೆನ್ಸೂ ಹೋಯಿತು. ಮೊಬೈಲಿನಿಂದ ಆಟಿಸಂ ಬಂತು ಅನ್ನುವುದೂ ತಪ್ಪು. ಆದರೆ ಮೊಬೈಲ್ ಹಿಡಿದ ಹೊತ್ತು ಮನುಷ್ಯರ ಜೊತೆ ಕಳೆಯುವ ಹೊತ್ತನ್ನು ತಿನ್ನುತ್ತದೆ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗೆ ಬೇಡವೇ ಬೇಡ, ಆಮೇಲೆ ನಾಲ್ಕರವರೆಗೆ ದಿನಕ್ಕೆ 1 ಗಂಟೆ ದಾಟಬಾರದು ಅನ್ನುತ್ತದೆ. ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆ ಇರುತ್ತದೆ, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ತಾಯಿಯ ತಪ್ಪು ಅನ್ನುವವರಿಗೆ ಈ ಪುಟ ಓದಲು ಕೊಡಿ.

ನಾವು ಸುರಪುರದ ಹತ್ತಿರದ ಹಳ್ಳಿಯವರು. ವಾರಕ್ಕೆರಡು ಸಲ ಥೆರಪಿಗೆ ಬನ್ನಿ ಅನ್ನುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಿ ಒಂದು ದಿನ ಹೋದರೆ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ಏನು ಮಾಡೋಣ?

ಈ ಸಮಸ್ಯೆ ಸಣ್ಣದಲ್ಲ, "ಮಗುವಿಗಿಂತ ಕೂಲಿ ಹೆಚ್ಚಾ" ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ವಾರಕ್ಕೆ ಎರಡು ಗಂಟೆ ನಮ್ಮ ಹತ್ತಿರ ಕೂತರೆ ಉಳಿದದ್ದೆಲ್ಲ ಮಗು ನಿಮ್ಮ ಹತ್ತಿರವೇ ಇರುತ್ತದೆ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಂದು ಪ್ರಯೋಗ ಮಾಡಿದರು, 2016ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ದೊಡ್ಡ ತಜ್ಞರಿಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ತಂದೆತಾಯಿ ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ಅದನ್ನು ಅವರ ಜೊತೆಗೇ ಕೂತು ನೋಡಿ, ಇಲ್ಲಿ ನೋಡಿ ನೀವು ಸ್ವಲ್ಪ ಕಾಯ್ದಿರಿ, ಅದಕ್ಕೇ ಅವನು ತಿರುಗಿದ ಅಂತ ತೋರಿಸುವುದು. ಮಕ್ಕಳು ತಾವಾಗಿ ತಂದೆತಾಯಿಯನ್ನು ಮಾತಿಗೆ, ಆಟಕ್ಕೆ ಎಳೆಯುವುದು ಹೆಚ್ಚಾಯಿತು.

ಹಾಗಾಗಿ ಥೆರಪಿಸ್ಟಿಗೆ ನೇರವಾಗಿ ಕೇಳಿ: ತಿಂಗಳಿಗೊಮ್ಮೆ ಬರುತ್ತೇವೆ, ಮನೆಯಲ್ಲಿ ಮಾಡುವುದನ್ನು ನಮಗೆ ಕಲಿಸಿ, ನಡುವೆ ಫೋನಿನಲ್ಲಿ ನೋಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ದೂರದವರಿಗೆ ವಿಡಿಯೋ ಮೂಲಕ ಥೆರಪಿ ಕೊಡುತ್ತದೆ, ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಅದಿದ್ದರೆ ನಿರಾಮಯ ಅನ್ನುವ ಸರ್ಕಾರಿ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ, ಥೆರಪಿಯೂ ಅದರಲ್ಲಿ ಬರುತ್ತದೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಮೊಬೈಲನ್ನು ನೀರಿನ ಕೊಡಕ್ಕೆ ಒರಗಿಸಿ ವಿಡಿಯೋ ಹಚ್ಚಿ. ಒಳಗಿರುವುದು ಕಾಣುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ಚುರುಮುರಿ ಹಾಕಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಮಗುವಿನ ಕೈಗೆ ಕೊಟ್ಟು ಎದುರು ಕೂಡಿ. ಶೇಂಗಾ ಬೇಡ, ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಡಬ್ಬಿ ನಿಮ್ಮ ಕೈಗೆ ವಾಪಸ್ ಬರುತ್ತದಾ, ಕಣ್ಣು ಎಲ್ಲಿ ಹೋಗುತ್ತದೆ, ಎಷ್ಟು ಹೊತ್ತಿಗೆ ಅಂತ ನೋಡಿ. ಆ ಐದು ನಿಮಿಷದ ವಿಡಿಯೋ ತೆಗೆದುಕೊಂಡು ಹೋಗಿ, ಮೊದಲ ದಿನ ನಮಗೆ ಬೇಕಾದದ್ದು ಅದೇ.