ಉ: ಹಿಂದಿ ಅಕ್ಷರ ಪೇಜ್‌ಮೇಕರ್‌ನಲ್ಲಿ ಪ್ರಶ್ನೆ ಚಿಹ್ನೆಯಾಗುತ್ತಿದೆ

ಅಡಿಕೆ ಚೀಲದ ಲೇಬಲ್‌ನ ಹಿಂದಿ ಸಾಲುಗಳು ಪೇಜ್‌ಮೇಕರ್‌ನಲ್ಲಿ (ಪುಟ ವಿನ್ಯಾಸದ ಹಳೆಯ ತಂತ್ರಾಂಶ) ಪ್ರಶ್ನೆ ಚಿಹ್ನೆಗಳಾಗುತ್ತಿವೆ ಎಂದು ಕೇಳಿದ್ದೀರಿ. ತಪ್ಪು ಫಾಂಟ್‌ನದ್ದಲ್ಲ. ಲೇಬಲ್‌ಗೆ ವ್ಯಾಪಾರಿ ವಾಟ್ಸಾಪ್‌ನಲ್ಲಿ ಕಳಿಸಿದ ಹಿಂದಿ ಇರುವುದು ಯೂನಿಕೋಡ್‌ನಲ್ಲಿ, ಅಂದರೆ ಫೋನ್, ಕಂಪ್ಯೂಟರ್‌ಗಳು ಈಗ ಬಳಸುವ ಸಾಮಾನ್ಯ ಅಕ್ಷರ ಸಂಕೇತದಲ್ಲಿ. ಶಿವಮೊಗ್ಗದ ಪ್ರೆಸ್‌ನವರು ಅದನ್ನೇ ಪೇಸ್ಟ್ ಮಾಡಿ ಕೃತಿ ದೇವ್ ಎಂಬ, ಯೂನಿಕೋಡ್ ಅಲ್ಲದ ಹಳೆಯ ಹಿಂದಿ ಫಾಂಟ್ ಹಾಕಿದ್ದಾರೆ, ಅಲ್ವಾ? ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ 7, ಬಂದಿದ್ದು 2001ರಲ್ಲಿ.

ಮೊದಲು ಪ್ರೆಸ್‌ನಲ್ಲಿರುವ ಫಾಂಟ್‌ನ ಪೂರ್ತಿ ಹೆಸರು ಕೇಳಿ. ಕೃತಿ ದೇವ್ 010 ಇರಬಹುದು. ಚಾಣಕ್ಯ ಎಂಬ ಇನ್ನೊಂದು ಹಿಂದಿ ಫಾಂಟ್ ಆಗಿದ್ದರೆ ಪರಿವರ್ತಕವೇ (ಅಕ್ಷರ ಸಂಕೇತ ಬದಲಿಸುವ ತಂತ್ರಾಂಶ) ಬೇರೆ. ನಮ್ಮ ಕನ್ನಡದ ನುಡಿ ಪರಿವರ್ತಕ ಇಲ್ಲಿ ಕೆಲಸಕ್ಕೆ ಬರಲ್ಲ.

ಆಮೇಲೆ ವ್ಯಾಪಾರಿ ಕಳಿಸಿದ ಹಿಂದಿಯನ್ನು ಯೂನಿಕೋಡ್‌ನಿಂದ ಕೃತಿ ದೇವ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ‘ದಿನಾಂಕ’ ಎಂಬುದು ‘ಎಫ್ ಎನ್ ಯು ಕೆ ಎ ಡಿ’ ಆಗುತ್ತದೆ. ಹ್ರಸ್ವ ‘ಇ’ ಮಾತ್ರೆ, ಅಂದರೆ ಆ ಎಫ್, ವ್ಯಂಜನಕ್ಕಿಂತ ಮುಂಚೆ ಬರುತ್ತದೆ. ಗಾಬರಿ ಬೇಡ, ಅದು ಸರಿಯೇ. ಅದನ್ನು ನೋಟ್‌ಪ್ಯಾಡ್‌ನಲ್ಲಿ ಉಳಿಸಿ, ಪೇಜ್‌ಮೇಕರ್‌ಗೆ ತಂದು, ಫಾಂಟ್ ಹಾಕಿ.

ವರ್ಡ್ ಮೂಲಕ ಮಾತ್ರ ಒಯ್ಯಬೇಡಿ. ಅದು ಸುಮ್ನೆ ಮೊದಲಕ್ಷರ ದೊಡ್ಡದು ಮಾಡಿ, ಉದ್ಧರಣ ಚಿಹ್ನೆ ತಿರುಚಿಬಿಡುತ್ತದೆ. ಕೃತಿ ದೇವ್‌ನಲ್ಲಿ ಆ ಚಿಹ್ನೆಯೂ ಅಕ್ಷರವೇ. ಇಮೇಲ್, ಇಂಗ್ಲಿಷ್ ಹೆಸರುಗಳಿಗೆ ಏರಿಯಲ್ ಹಾಕಿ, ಇಲ್ಲದಿದ್ದರೆ ಅವೂ ಹಿಂದಿಯಾಗಿ ಕಾಣುತ್ತವೆ.

ಪರಿವರ್ತಕಗಳು ಜಾಸ್ತಿ ಎಡವುವುದು ರೇಫ (ಅಕ್ಷರದ ಮೇಲೆ ಬರುವ ಅರ್ಧ ‘ರ್’) ಮತ್ತು ಒತ್ತಕ್ಷರದಲ್ಲಿ. ಮುದ್ರಣದ ಪ್ಲೇಟ್ ಮಾಡಿಸುವ ಮುಂಚೆ ಒಂದು ಪ್ರಿಂಟ್ ತೆಗೆದು ಆ ವ್ಯಾಪಾರಿಗೇ ಫೋಟೋ ಕಳಿಸಿ ಓದಿಸಿ.