ಎರಡು ಕಮಾಂಡ್‌ಗಳ ಔಟ್‌ಪುಟ್ ಹೋಲಿಸಲು ಟೆಂಪ್ ಫೈಲ್ ಬೇಕೇ ಬೇಕಾ?

ನಿಮ್ಮ ಬಳಿ ಎರಡು ಉಬುಂಟು ಸರ್ವರ್ ಇವೆ, ಎರಡರಲ್ಲೂ ಇರುವ ಪ್ಯಾಕೇಜ್‌ಗಳನ್ನು ಹೋಲಿಸಬೇಕು, ಅಲ್ವಾ? ಈಗ ಎರಡು ಫೈಲಿಗೆ ಪಟ್ಟಿ ಬರೆದು, ಡಿಫ್ (ಎರಡು ಫೈಲ್‌ಗಳ ವ್ಯತ್ಯಾಸ ತೋರಿಸುವ ಕಮಾಂಡ್) ಓಡಿಸಿ, ಆಮೇಲೆ ಫೈಲ್ ಅಳಿಸುತ್ತಿದ್ದೀರಿ. ಫೈಲಿಲ್ಲದೆ ಮಾಡೋಣ ಅಂತ ಪೈಪ್ ಹಾಕಿದರೆ ಆಗಲಿಲ್ಲ ಅಂದಿದ್ದೀರಿ.

ಫೈಲಿಲ್ಲದೆ ಆಗುತ್ತದೆ. ನಾವು ಕೊಟ್ಟ ಕಮಾಂಡ್ ಓದಿ ಓಡಿಸುವ ಶೆಲ್ ಆದ ಬ್ಯಾಷ್‌ನಲ್ಲಿ ಹೀಗೆ (ಕಮಾಂಡನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ):

ಡಿಫ್ -ಯು <(ಎಸ್‌ಎಸ್‌ಎಚ್ ಒಂದು ಡಿಪಿಕೆಜಿ-ಕ್ವೆರಿ -ಡಬ್ಲ್ಯೂ) <(ಎಸ್‌ಎಸ್‌ಎಚ್ ಎರಡು ಡಿಪಿಕೆಜಿ-ಕ್ವೆರಿ -ಡಬ್ಲ್ಯೂ)

ಎಸ್‌ಎಸ್‌ಎಚ್ ದೂರದ ಸರ್ವರಿನಲ್ಲಿ ಕಮಾಂಡ್ ಓಡಿಸುತ್ತದೆ, ಡಿಪಿಕೆಜಿ-ಕ್ವೆರಿ ಅಲ್ಲಿನ ಪ್ಯಾಕೇಜ್ ಪಟ್ಟಿ ಕೊಡುತ್ತದೆ. ಡಬ್ಲ್ಯೂ ಕ್ಯಾಪಿಟಲ್ ಅಕ್ಷರ. 'ಒಂದು', 'ಎರಡು' ಇರುವಲ್ಲಿ ನಿಮ್ಮ ಸರ್ವರ್‌ಗಳ ಹೆಸರು ಹಾಕಿ. < ಗುರುತಿಗೂ ಕಂಸಕ್ಕೂ ನಡುವೆ ಜಾಗ ಬಿಡಬೇಡಿ, ಬಿಟ್ಟರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ.

ಪೈಪ್ ಯಾಕೆ ಸಾಲಲಿಲ್ಲ ಅಂದರೆ, ಅದು ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದರ ಬಾಯಿಗೆ ಸುರಿಯುತ್ತದೆ. ಆ ಬಾಯಿ ಒಂದೇ. ಡಿಫ್‌ಗೆ ಎರಡು ಬೇಕು. ತಮಾಷೆ ಏನೆಂದರೆ, ಯುನಿಕ್ಸ್‌ಗೆ ಪೈಪ್ ಬೇಕು ಅಂತ ಪಟ್ಟು ಹಿಡಿದವರೂ, ಅದರ ಡಿಫ್ ಬರೆದವರೂ ಒಬ್ಬರೇ: ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್. 1973ರಲ್ಲಿ ಪೈಪ್ ಬಂತು, 1974ರಲ್ಲಿ ಡಿಫ್.

ಮೇಲಿನ <( ) ತಂತ್ರಕ್ಕೆ ಪ್ರೊಸೆಸ್ ಸಬ್‌ಸ್ಟಿಟ್ಯೂಷನ್ ಅನ್ನುತ್ತಾರೆ. ಒಳಗೆ ಏನಾಗುತ್ತದೆ ಅಂತ ನೋಡಬೇಕಾದರೆ ಸುಮ್ನೆ ಎಕೋ <(ಟ್ರೂ) ಅಂತ ಕೊಟ್ಟು ನೋಡಿ. ಲಿನಕ್ಸ್‌ನಲ್ಲಿ /ಡೆವ್/ಎಫ್‌ಡಿ/63 ಅನ್ನುವಂಥ ಹೆಸರು ಬರುತ್ತದೆ. ಅಂದರೆ ಶೆಲ್ ಒಳಗಿನ ಕಮಾಂಡನ್ನು ಹಿನ್ನೆಲೆಯಲ್ಲಿ ಓಡಿಸಿ, ಅದರ ಪೈಪಿಗೆ ಒಂದು ಫೈಲಿನ ಹೆಸರು ಕೊಟ್ಟು ಡಿಫ್ ಕೈಗಿಡುತ್ತದೆ. ಡಿಫ್ ಪಾಪ, ಫೈಲ್ ಅಂದುಕೊಂಡು ಓದುತ್ತದೆ. ಎರಡೂ ಕಮಾಂಡ್ ಒಟ್ಟಿಗೇ ಓಡುತ್ತವೆ. ಹಾಗಾಗಿ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುವಂತಿದ್ದರೆ ಎರಡೂ ಒಂದೇ ಟರ್ಮಿನಲ್‌ನಲ್ಲಿ ಕೇಳಿ ಗೊಂದಲವಾಗುತ್ತದೆ. ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಎಸ್‌ಎಸ್‌ಎಚ್ ಕೀ ಹಾಕಿಟ್ಟುಕೊಳ್ಳಿ.

ಝಡ್‌ಶೆಲ್, ಕಾರ್ನ್ ಶೆಲ್‌ನಲ್ಲೂ ಇದು ನಡೆಯುತ್ತದೆ. ಆದರೆ ಸ್ಕ್ರಿಪ್ಟನ್ನು 'ಎಸ್‌ಎಚ್' ಎಂದು ಕರೆದು ಓಡಿಸಿದರೆ ಉಬುಂಟುವಿನಲ್ಲಿ ಓಡುವುದು ಡ್ಯಾಷ್ ಎಂಬ ಬೇರೆ ಶೆಲ್. ಅದಕ್ಕೆ ಈ ತಂತ್ರ ಗೊತ್ತಿಲ್ಲ, ಕಂಸ ಕಂಡ ಕೂಡಲೇ ತಕರಾರು ತೆಗೆಯುತ್ತದೆ.

'ಮೊದಲ ಸರ್ವರಿನಲ್ಲಿ ಮಾತ್ರ ಇರುವುದು ಯಾವುದು' ಅನ್ನುವುದಷ್ಟೇ ಬೇಕಿದ್ದರೆ ಡಿಫ್ ಬದಲು ಕಾಮ್ -23 ಬಳಸಿ. ಅದಕ್ಕೆ ಎರಡು ಕಡೆಯೂ ಸಾರ್ಟ್ ಆಗಿರಬೇಕು, ಅದೂ ಒಂದೇ ಲೊಕೇಲ್‌ನಲ್ಲಿ, ಅಂದರೆ ಅಕ್ಷರಗಳ ಒಂದೇ ಕ್ರಮದಲ್ಲಿ. ನಾನು ಎಲ್‌ಸಿ_ಆಲ್=ಸಿ ಅಂತ ಎಕ್ಸ್‌ಪೋರ್ಟ್ ಮಾಡಿ, ಇಲ್ಲೇ ನನ್ನ ಯಂತ್ರದಲ್ಲಿ ಎರಡನ್ನೂ ಸಾರ್ಟ್ ಮಾಡುತ್ತೇನೆ.

ಕನ್ನಡ ಪಠ್ಯ ಹೋಲಿಸುವವರಿಗೆ ಇನ್ನೊಂದು ಮಾತು. ನಿಮ್ಮ ಪ್ರಶ್ನೆಗೆ ಸಂಬಂಧವಿಲ್ಲ, ಆದರೂ ಇದು ನನ್ನ ಒಂದು ಇಡೀ ಸಂಜೆ ತಿಂದಿತ್ತು. ಎರಡು ಪದಪಟ್ಟಿ. ಕಣ್ಣಿಗೆ ಒಂದೇ ಥರ. ಡಿಫ್ ಮಾತ್ರ ಬೇರೆ ಬೇರೆ ಅನ್ನುತ್ತಿತ್ತು. ಒಂದರಲ್ಲಿ 'ಸರ್ವರ್' ಪದದ ಕೊನೆಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿತ್ತು, ಕೊನೆಯ 'ರ್' ಮುಂದಿನ ಅಕ್ಷರದ ಜೊತೆ ಸೇರಿ ಒತ್ತಕ್ಷರ ಆಗದಂತೆ ತಡೆಯಲು ಹಾಕುತ್ತೇವಲ್ಲ, ಅದು. 'ಕೊಡ'ದ ಒಕಾರವೂ ಹಾಗೆಯೇ: ಒಂದು ಫೈಲಿನಲ್ಲಿ ಅದು ಒಂದೇ ಕೋಡ್, ಇನ್ನೊಂದರಲ್ಲಿ ಎತ್ವ ಮತ್ತು ಊಕಾರದ ಚಿಹ್ನೆ ಸೇರಿ ಎರಡು ಕೋಡ್. ಪರದೆಯ ಮೇಲೆ ಎರಡೂ ಒಂದೇ. ಡಿಫ್ ನೋಡುವುದು ಬೈಟ್‌ಗಳನ್ನು, ನಮ್ಮ ಕಣ್ಣನ್ನಲ್ಲ. ಇಂಥ ಕಡೆ ಎರಡನ್ನೂ ಮೊದಲು ಯುಕಾನ್ವ್ ಕಮಾಂಡ್‌ನಿಂದ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿ ಕೋಡನ್ನು ಒಂದೇ ಕೋಡ್ ಮಾಡುವ ಯುನಿಕೋಡ್ ರೂಪ) ತಂದು, ಕಾಣದ ಅಕ್ಷರವನ್ನು ಸೆಡ್‌ನಿಂದ ತೆಗೆದು ಹೋಲಿಸಿ.

ಈಗ ನಿಮ್ಮ ವಿಷಯಕ್ಕೆ ವಾಪಸ್. ನೀವು ಈ <( ) ತಂತ್ರವನ್ನು ಸ್ಕ್ರಿಪ್ಟಿಗೆ ಹಾಕುವ ಯೋಚನೆಯಲ್ಲಿದ್ದರೆ, ಬೇಡ. ನಾನು ಹಾಕಿ ಮರ್ಯಾದೆ ಕಳಕೊಂಡಿದ್ದೇನೆ.

ಹಿಂದಿನ ಒಂದು ಕೆಲಸದಲ್ಲಿ, ದಿನಾ ರಾತ್ರಿ ಇದೇ ಥರ ಎರಡು ಸರ್ವರ್ ಹೋಲಿಸುವ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಇಟ್ಟಿದ್ದೆ. ಗಲಾಟೆ ಬೇಡ ಅಂತ ಎರರ್‌ಗಳನ್ನೆಲ್ಲ /ಡೆವ್/ನಲ್‌ಗೆ, ಅಂದರೆ ಕಸದ ಬುಟ್ಟಿಗೆ, ಕಳಿಸಿದ್ದೆ. ಒಂದು ದಿನ ಯಾರೋ ಎರಡೂ ಸರ್ವರ್‌ಗಳಿಂದ ನನ್ನ ಕೀ ತೆಗೆದರು. ಎಸ್‌ಎಸ್‌ಎಚ್ ಎರಡು ಕಡೆಯೂ ಸೋತಿತು. ಎರಡು ಕಡೆಯಿಂದಲೂ ಖಾಲಿ ಔಟ್‌ಪುಟ್. ಖಾಲಿಗೂ ಖಾಲಿಗೂ ಏನು ವ್ಯತ್ಯಾಸ? ಡಿಫ್ ಏನೂ ಹೇಳದೆ 0 (ವ್ಯತ್ಯಾಸ ಇಲ್ಲ) ಕೊಟ್ಟಿತು. ನನ್ನ ಸ್ಕ್ರಿಪ್ಟ್ 'ಎರಡೂ ಒಂದೇ' ಅಂತ ದಿನಾ ಮೇಲ್ ಕಳಿಸುತ್ತಿತ್ತು. ಮೂರು ವಾರ ನಂಬಿದ್ದೆವು.

ಕಾರಣ ಇಷ್ಟೇ. <( ) ಒಳಗಿನ ಕಮಾಂಡ್ ಸೋತರೂ ಡಿಫ್‌ಗೆ ಗೊತ್ತಾಗುವುದಿಲ್ಲ, ಅದರ ಎಕ್ಸಿಟ್ ಕೋಡ್ (ಗೆದ್ದಿತೋ ಸೋತಿತೋ ಹೇಳುವ ಸಂಖ್ಯೆ) ಹೊರಗೆ ಬರುವುದಿಲ್ಲ. ಕಮಾಂಡ್ ಸೋತ ಕೂಡಲೇ ಸ್ಕ್ರಿಪ್ಟ್ ನಿಲ್ಲಿಸುವ ಸೆಟ್ -ಇ ಹಾಕಿದರೂ ಅದನ್ನು ಹಿಡಿಯುವುದಿಲ್ಲ. ಹಾಗಾಗಿ ಟರ್ಮಿನಲ್‌ನಲ್ಲಿ ಕೂತು ಕಣ್ಣಾರೆ ನೋಡುವಾಗ ಒಂದೇ ಸಾಲಿನ ತಂತ್ರ, ಸ್ಕ್ರಿಪ್ಟಿನಲ್ಲಿ ನೀವು ಈಗ ಮಾಡುತ್ತಿರುವ ಟೆಂಪ್ ಫೈಲೇ ಸರಿ:

ಎಸ್‌ಎಸ್‌ಎಚ್ ಒಂದು ಡಿಪಿಕೆಜಿ-ಕ್ವೆರಿ -ಡಬ್ಲ್ಯೂ > "$ಮೊದಲು" || ಎಕ್ಸಿಟ್ 2

ಎರಡನೆಯದಕ್ಕೂ ಹೀಗೇ ಒಂದು ಸಾಲು. ಫೈಲಿನ ಹೆಸರಿಗೆ ಎಂಕೆಟೆಂಪ್, ಅಳಿಸಲು ಟ್ರ್ಯಾಪ್. ಜೊತೆಗೆ ಟೆಸ್ಟ್ -ಎಸ್ ಹಾಕಿ ಫೈಲ್ ಖಾಲಿ ಇಲ್ಲ ಅಂತ ನೋಡಿಕೊಳ್ಳಿ, ಜಾಸ್ತಿ ಖರ್ಚೇನೂ ಇಲ್ಲ. ಆಮೇಲೆ ಡಿಫ್. ಅದು ವ್ಯತ್ಯಾಸ ಇಲ್ಲದಿದ್ದರೆ 0, ಇದ್ದರೆ 1, ತನಗೇ ತೊಂದರೆಯಾದರೆ 2 ಕೊಡುತ್ತದೆ. ಸೆಟ್ -ಇ ಇಟ್ಟುಕೊಂಡಿದ್ದರೆ ಆ 1 ಬಂದ ಕೂಡಲೇ ಸ್ಕ್ರಿಪ್ಟ್ ಸತ್ತುಹೋಗುತ್ತದೆ, ಅದಕ್ಕೇ ಡಿಫನ್ನು ಇಫ್ ಒಳಗೆ ಇಡಿ.